ಮನೆಮಾತೇ ಕಂದನ ಮೊದಲ ಪಾಠ

ಪಕ್ಕದ ಮನೆ ಪುಟಾಣಿ ಪಟಪಟನೆ ಇಂಗ್ಲಿಷ್ ರೈಮ್ಸ್ ಹೇಳುತ್ತೆ, ನಮ್ಮದು ಇನ್ನೂ ಕನ್ನಡದಲ್ಲೇ ತೊದಲುತ್ತಿದೆ ಎಂಬ ಚಿಂತೆ ನಿಮಗೂ ಇದೆಯೇ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲೂ ಈಗ ಮಗುವಿಗೆ ಮೂರು ತುಂಬುವ ಮುಂಚೆಯೇ ಕಾನ್ವೆಂಟ್ ಹುಡುಕಾಟ ಶುರು.

ಸರ್ಕಾರವೂ ಇದರಿಂದ ದೂರ ಉಳಿದಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾಯಿತು. ಪ್ರಾಥಮಿಕ ಹಂತದಲ್ಲಿ ಕಲಿಕೆಯ ಮಾಧ್ಯಮ ಆರಿಸುವ ಹಕ್ಕು ಮಗುವಿನ ಪರವಾಗಿ ಪಾಲಕರದೇ ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೋ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಈ ಹಗ್ಗಜಗ್ಗಾಟದಲ್ಲಿ ನಾವು ಒಂದನ್ನು ಮರೆಯುತ್ತೇವೆ. ಮಗು ಮಾತು ಕಲಿಯೋದು ಶಾಲೆಗೆ ಹೋಗುವ ಮುಂಚೆ, ನಿಮ್ಮ ಮಡಿಲಲ್ಲಿ, ನಿಮ್ಮ ಅಡುಗೆಮನೆಯಲ್ಲಿ.

ಹಾಗಂತ ಶಾಲೆಗೆ ತಯಾರಿ ಎಂದು ಮನೆಯಲ್ಲಿ ಅರೆಬರೆ ಇಂಗ್ಲಿಷ್ ಆಡಬೇಕಿಲ್ಲ. ನಿಮಗೆ ಸಲೀಸಾಗಿ ಬರುವ ಮಾತೇ ಮಗುವಿಗೂ ಒಳ್ಳೆಯದು. ಅದು ಕನ್ನಡವಿರಲಿ, ನ್ಯಾಮತಿ ಕಡೆಯ ತಾಂಡಾಗಳ ಲಂಬಾಣಿ ಇರಲಿ, ಉರ್ದುವೇ ಇರಲಿ. ಮನೆಮಾತು ಗಟ್ಟಿಯಾದರೆ ಇನ್ನೊಂದು ಭಾಷೆ ಕಲಿಯಲು ಅದೇ ಆಸರೆ.

ಹೀಗೆ ಮಾಡಿ ನೋಡಿ:

* ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಿಸುವಾಗ ಏನು ಮಾಡುತ್ತಿದ್ದೀರಿ ಎಂದು ಮಗುವಿಗೆ ಹೇಳುತ್ತಾ ಇರಿ.

* ಮಗು 'ನೀಉ' ಎಂದರೆ ನಗಬೇಡಿ, ತಿದ್ದಲೂ ಬೇಡಿ. 'ನೀರು ಬೇಕಾ ಪುಟ್ಟಾ? ತಣ್ಣೀರಾ, ಬಿಸಿನೀರಾ?' ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

* ಊಟ ಮಾಡಿಸಲು ಮೊಬೈಲ್ ಕೊಡಬೇಡಿ. ಅದು ಹಾಡುತ್ತದೆ, ಆದರೆ ಮಗುವಿನ ಮಾತಿಗೆ ಓಗೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆ.

* ಮಲಗುವ ಮುಂಚೆ ಒಂದು ಕಥೆ ಇರಲಿ. ಮನೆಯಲ್ಲಿ ಅಜ್ಜಿ ಇದ್ದರಂತೂ ನೀವೇ ಪುಣ್ಯವಂತರು!

'ಗಂಡುಮಕ್ಕಳಿಗೆ ಮಾತು ತಡ' ಎಂದು ಯಾರಾದರೂ ಸಮಾಧಾನ ಹೇಳಿದರೆ ಸುಮ್ಮನಾಗಬೇಡಿ. ಎರಡು ತುಂಬಿದರೂ ಮಗು 'ಅಮ್ಮ ಬಾ' ಎಂಬಂತೆ ಎರಡು ಪದ ಕೂಡಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಯಾವ ಶಾಲೆ, ಯಾವ ಮಾಧ್ಯಮ ಎಂಬುದನ್ನು ಮನೆಯವರೆಲ್ಲ ಕೂತು ಆಮೇಲೆ ನಿರ್ಧರಿಸಿ. ಮಗುವಿನ ಜೊತೆ ಮಾತು ಮಾತ್ರ ಇವತ್ತೇ ಶುರುವಾಗಲಿ.