ಡೆಂಟಲ್ ಸೀಟಿಗೆ ಸಂದರ್ಶನ ಬೇಕಾ? ಮೈಸೂರು ರಾಜ್ಯ ಅದನ್ನೂ ಮಾಡಿ ನೋಡಿದೆ

ನೀಟ್ ಫಲಿತಾಂಶ ಬಂದ ವಾರ ಮೈಸೂರಿನ ಜಯಲಕ್ಷ್ಮಿಪುರಂನಂಥ ಬಡಾವಣೆಯಲ್ಲಿ ರ‍್ಯಾಂಕ್ ಬಿಟ್ಟು ಬೇರೆ ಮಾತಿರೋದಿಲ್ಲ. ಕೋಚಿಂಗ್ ಸೆಂಟರ್‌ಗಳ ಫ್ಲೆಕ್ಸ್‌ನಲ್ಲಿ ಟಾಪರ್‌ಗಳ ಫೋಟೋ. ಫ್ಲೆಕ್ಸ್‌ಗೆ ಏರದ ಮಕ್ಕಳ ಮನೆಯಲ್ಲಿ ಒಂದೇ ಸಮಾಧಾನ: "ಎಂಬಿಬಿಎಸ್ ಸಿಗ್ಲಿಲ್ವಾ? ಹೋಗ್ಲಿ ಬಿಡಿ, ಡೆಂಟಲ್ ಹಾಕ್ಸಿ."

ಹೀಗೆ "ಹೋಗ್ಲಿ ಬಿಡಿ" ಅಂತ ಶುರುವಾಗುವ ಕೋರ್ಸು ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಬೇಡುತ್ತದೆ. ಆಮೇಲೆ ಜೀವನಪೂರ್ತಿ ಇನ್ನೊಬ್ಬರ ನೋವಿನ ಬಾಯೊಳಗೆ ಕೈಯಿಟ್ಟು ಕೆಲಸ. ಇಷ್ಟು ದೊಡ್ಡ ನಿರ್ಧಾರಕ್ಕೆ ಮುಂಚೆ "ನಿನಗೆ ಇದು ಇಷ್ಟಾನಾ?" ಅಂತ ಆ ಹುಡುಗಿಯನ್ನು ಒಬ್ಬರಾದರೂ ಕೇಳುತ್ತಾರಾ? ಇಲ್ಲ. ಅದಕ್ಕೇ ಆಗಾಗ ಒಂದು ಸಲಹೆ ತೇಲಿಬರುತ್ತದೆ: ಅಂಕ ಮಾತ್ರ ನೋಡಿದರೆ ಸಾಲದು, ಬ್ರಿಟನ್‌ನಲ್ಲಿ ಮಾಡುವಂತೆ ಸಂದರ್ಶನ ಮಾಡಿ ಸೀಟು ಕೊಡಿ.

ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ರಾಜ್ಯ ಈ ದಾರಿಯಲ್ಲಿ ಒಮ್ಮೆ ನಡೆದಾಗಿದೆ.

1963ರ ಆ 25%

ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಮೈಸೂರು ರಾಜ್ಯದ 68% ಮೀಸಲಾತಿಯನ್ನು ಸುಪ್ರೀಂ ಕೋರ್ಟ್ 1962ರಲ್ಲಿ ರದ್ದು ಮಾಡಿತು. ಮರುವರ್ಷ ಸರ್ಕಾರ ಮೀಸಲಾತಿಯನ್ನು 48%ಕ್ಕೆ ಇಳಿಸಿ ಹೊಸ ಆದೇಶ ತಂದಿತು. ಅದೇ ಹೊತ್ತಿಗೆ ಎಂಜಿನಿಯರಿಂಗ್, ಮೆಡಿಕಲ್ ಪ್ರವೇಶಕ್ಕೆ ಸಂದರ್ಶನವೂ ಬಂತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ 25%ರಷ್ಟು ಅಂಕ ಸಂದರ್ಶನಕ್ಕೆ. ಪರೀಕ್ಷೆ 300 ಅಂಕದ್ದಾದರೆ 75 ಅಂಕ ಆಯ್ಕೆ ಸಮಿತಿಯ ಕೈಯಲ್ಲಿ. ಯಾವುದಕ್ಕೆ? ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. 1963ರಲ್ಲಿ ಚರ್ಚಾಸ್ಪರ್ಧೆ, ನಾಟಕ, ಎನ್‌ಸಿಸಿ ಯಾರ ಕಾಲೇಜಿನಲ್ಲಿ ಸಿಗುತ್ತಿದ್ದವು? ಸಂಜೆ ದನ ಕಟ್ಟಿ, ಬುಡ್ಡಿದೀಪದಲ್ಲಿ ಓದಿದ ಹುಡುಗನ "ವ್ಯಕ್ತಿತ್ವ"ಕ್ಕೆ ಸೂಟು ತೊಟ್ಟ ಸಮಿತಿ ಎಷ್ಟು ಅಂಕ ಕೊಟ್ಟೀತು? ಯೋಗ್ಯತೆ ಅಳೆಯುತ್ತೇವೆ ಅಂತ ಕೂತವರು ಮನೆತನ ಅಳೆಯೋದಕ್ಕೆ ಅಲ್ಲಿ ಬೇಕಾದಷ್ಟು ಅವಕಾಶವಿತ್ತು.

ವಿವಾದ 'ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ' ಪ್ರಕರಣವಾಗಿ ಸುಪ್ರೀಂ ಕೋರ್ಟ್ ತಲುಪಿತು. 1964ರ ಜನವರಿಯಲ್ಲಿ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ದುರುಪಯೋಗ ಆಗಬಹುದು ಅನ್ನೋ ಕಾರಣಕ್ಕೇ ಪದ್ಧತಿಯನ್ನು ರದ್ದು ಮಾಡಲಾಗದು ಎಂಬುದು ಅದರ ನಿಲುವು.

ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಅಜಯ್ ಹಾಸಿಯಾ ಪ್ರಕರಣದಲ್ಲಿ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ತಾಯಿ ಯಾರು, ಊರು ಯಾವುದು ಅಂತ, ಎಂಬುದು ಅರ್ಜಿದಾರರ ದೂರು. ಪ್ರವೇಶದಲ್ಲಿ ಸಂದರ್ಶನಕ್ಕೆ 15%ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ಕ್ರಮ ಎಂದ ಕೋರ್ಟ್, ಸಂದರ್ಶನಗಳನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು ಅಂತಲೂ ಹೇಳಿತು. ಕೋರ್ಟೇ "ರೆಕಾರ್ಡ್ ಮಾಡಿ" ಅಂದಿತೆಂದರೆ ಮುಚ್ಚಿದ ಬಾಗಿಲ ಹಿಂದಿನ ಆ ಎರಡು ನಿಮಿಷದ ಮೇಲೆ ಎಷ್ಟು ಅನುಮಾನವಿತ್ತು ನೋಡಿ.

ಕೈಚಳಕ ನೋಡೋದು ಬೇಡ್ವಾ?

ಸಂದರ್ಶನ ಬೇಕೆನ್ನುವವರ ವಾದ ಪೂರ್ತಿ ಪೊಳ್ಳಲ್ಲ. ದಂತವೈದ್ಯರಿಗೆ ಕೈ ಸ್ಥಿರವಾಗಿರಬೇಕು, ಹೆದರಿದ ರೋಗಿಯ ಜೊತೆ ಮಾತಾಡೋಕೆ ಬರಬೇಕು. ಕೆನಡಾದ ಪ್ರವೇಶ ಪರೀಕ್ಷೆಯಲ್ಲಿ ಬಹುಕಾಲ ಸೋಪು ಕೆತ್ತಿಸಿ ಕೈಚಳಕ ನೋಡುತ್ತಿದ್ದರು. ಹಲವು ದೇಶಗಳಲ್ಲಿ ಈಗ ಒಬ್ಬ ಅಭ್ಯರ್ಥಿಯನ್ನು ಹಲವು ಮೇಜುಗಳಲ್ಲಿ ಬೇರೆ ಬೇರೆ ಪರೀಕ್ಷಕರು ಕೆಲವೇ ನಿಮಿಷ ಮಾತಾಡಿಸುತ್ತಾರೆ. ಒಬ್ಬರ ಪೂರ್ವಗ್ರಹವನ್ನು ಇನ್ನೊಬ್ಬರು ಸರಿದೂಗಿಸಲಿ ಅಂತ. ಅಲ್ಲೂ ಆ ಮೇಜುಗಳಿಗೆ ತಯಾರು ಮಾಡುವ ಕೋಚಿಂಗ್ ವ್ಯಾಪಾರ ಹುಟ್ಟಿಕೊಂಡಿದೆ.

ನಮ್ಮಲ್ಲಿ ಏನಾಗುತ್ತದೆ? ಗ್ರಾಮೀಣ ವಿದ್ಯಾರ್ಥಿಗಳಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಸೀಟು ಮೀಸಲಿದೆ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಸಂದರ್ಶನ ಬಂದರೆ ಆ ಕೋಟಾಗಳ ಒಳಗೂ ಇಂಗ್ಲಿಷಿನಲ್ಲಿ ಪಟಪಟ ಮಾತಾಡುವವರೇ ಮುಂದೆ ಹೋಗುತ್ತಾರೆ. ಕೈಚಳಕವೋ, ಅದು ಕಲಿಯುವಂಥದ್ದು. ಮೊದಲ ವರ್ಷದಲ್ಲೇ ಮೇಣದಲ್ಲಿ ಹಲ್ಲು ಕೆತ್ತಿಸಿ ಕಲಿಸುತ್ತಾರೆ. ಕಾಲೇಜು ಇರೋದೇ ಅದಕ್ಕೆ.

ಈಗಿನ ಸಂದರ್ಶನ ಫೀಸ್ ಕೌಂಟರ್‌ನಲ್ಲಿ

ಹಾಗಂತ ಈಗಿರೋದು ನ್ಯಾಯವಾ? ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ವಾರ್ಷಿಕ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಇದೇ 1992ರ ಮೋಹಿನಿ ಜೈನ್ ತೀರ್ಪಿಗೆ ದಾರಿಯಾಯಿತು. 1994ರಲ್ಲಿ ಸಿಇಟಿ ಬಂತು, ಆಮೇಲೆ ನೀಟ್. ಆದರೆ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಕೋಟಾ ಅನ್ನೋ ಮೆಟ್ಟಿಲುಗಳು ಇವತ್ತಿಗೂ ಇವೆ. ಅದೇ ಬೆಂಚು, ಅದೇ ಮೇಷ್ಟ್ರು, ಬೇರೆ ಬೇರೆ ಫೀಸು. ಇಲ್ಲಿ ಸಂದರ್ಶನ ನಡೆಯೋದು ಅಪ್ಪನ ಬ್ಯಾಂಕ್ ಪಾಸ್‌ಬುಕ್‌ಗೆ.

ಇದರ ಫಲ ಬಿಡಿಎಸ್‌ನಲ್ಲಿ ಕಣ್ಣಿಗೆ ರಾಚುತ್ತದೆ. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದವು. ಅದರಲ್ಲಿ ಸರ್ಕಾರಿ ಕಾಲೇಜುಗಳದ್ದು 265 ಮಾತ್ರ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಲು ಹೇಳಿತು. ಜೊತೆಗೆ ಖಾಸಗಿ ಕಾಲೇಜುಗಳು ಶುಲ್ಕ ಇಳಿಸುವ ಬಗ್ಗೆ ಯೋಚಿಸಲಿ ಅಂತಲೂ ಸೂಚಿಸಿತು. ಅಂದರೆ ಮಕ್ಕಳಿಗೆ ಬಿಡಿಎಸ್ ಬೇಡ ಅಂತಲ್ಲ, ಆ ಬೆಲೆಗೆ ಬೇಡ. ಇಂಥ ಹೊತ್ತಲ್ಲಿ ಸಂದರ್ಶನ ತಂದರೆ ಖಾಲಿ ಸೀಟು ತುಂಬೋದಿಲ್ಲ. ಫೀಸ್ ಕಟ್ಟಬಲ್ಲವರಿಗೆ "ಯೋಗ್ಯತೆ"ಯ ಸರ್ಟಿಫಿಕೇಟ್ ಸಿಗುತ್ತದೆ, ಅಷ್ಟೇ.

ಅಂಕವಿಲ್ಲದ ಮಾತುಕತೆ ಬೇಕು

ಆದರೂ ಆ ಮೊದಲ ಪ್ರಶ್ನೆ ಹಾಗೇ ಉಳಿದಿದೆ: ಹುಡುಗಿಯನ್ನು ಕೇಳುವವರು ಯಾರು? ನಾವು ಸೀಟು ಹಂಚುವ ಪ್ರಕ್ರಿಯೆಗೆ ಇಟ್ಟ ಹೆಸರು ಕೌನ್ಸೆಲಿಂಗ್. ಅಂದರೆ ಸಮಾಲೋಚನೆ. ಆದರೆ ಅಲ್ಲಿ ದಾಖಲೆ ಪರಿಶೀಲನೆ ಇದೆ, ಆಪ್ಷನ್ ಎಂಟ್ರಿ ಇದೆ, ಸುತ್ತುಗಳಿವೆ, ಸಮಾಲೋಚನೆಯೇ ಇಲ್ಲ.

ಅದನ್ನು ನಿಜ ಮಾಡೋಕೆ ಹೊಸ ಕಾನೂನು ಬೇಕಿಲ್ಲ. ಆಪ್ಷನ್ ಎಂಟ್ರಿಗೆ ಮುಂಚೆ ಒಂದು ವಾರ ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳು ಬಾಗಿಲು ತೆರೆಯಲಿ. ಮೈಸೂರು ಸೇರಿ ಉಳಿದ ಊರುಗಳ ಖಾಸಗಿ ಕಾಲೇಜುಗಳೂ ತೆರೆಯಲಿ. ಮಕ್ಕಳು ಒಂದು ದಿನ ಒಪಿಡಿಯಲ್ಲಿ ಕೂತು ನೋಡಲಿ. ಇಂಟರ್ನ್‌ಗಳ ಜೊತೆ ಕನ್ನಡದಲ್ಲೇ ಮಾತಾಡಲಿ: ಓದು ಹೇಗಿದೆ ಅಕ್ಕಾ, ಒಟ್ಟು ಖರ್ಚೆಷ್ಟು, ಮುಗಿದ ಮೇಲೆ ಕೆಲಸ ಸಿಗುತ್ತಾ? ಇದಕ್ಕೆ ಅಂಕವೂ ಬೇಡ, ರ‍್ಯಾಂಕೂ ಬೇಡ. ಬೇಡ ಅನ್ನಿಸಿದವರು ಸೀಟು ಹಿಡಿಯೋ ಮುಂಚೆಯೇ ಹಿಂದೆ ಸರಿಯಲಿ. ಜೊತೆಗೆ ಸರ್ಕಾರಿ ಸೀಟು ಹೆಚ್ಚಲಿ. ಕಲಿತದ್ದನ್ನು ಅಳೆಯೋಕೆ 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ನಿರ್ಗಮನ ಪರೀಕ್ಷೆ ಇದೆ. ಅಳೆಯೋದು ಅಲ್ಲಿ, ಕಲಿಸಿದ ಮೇಲೆ.

ಸಂದರ್ಶನ ಬೇಕು ಅಂತ ಯಾರಾದರೂ ಮುಂದಿನ ಸಲ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಮೇಜಿನ ಆ ಬದಿಯಲ್ಲಿ ಕೂರೋರು ಯಾರು, ಅವರನ್ನು ಕೇಳೋರು ಯಾರು?