ಅರ್ಜಿಗೆ ಬಲ ಬರುವುದು ದುಡಿಮೆಯಿಂದಲೇ



ವ್ಯಾಪಾರಾಡಳಿತದ ವಿದ್ಯೆ, ಅಂದರೆ ಎಂಬಿಎ, ಧಣಿಗಳ ಮಕ್ಕಳ ಸೊತ್ತು ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಇದು ತೊಲಗಬೇಕು. ಹಗಲು ದುಡಿದು ರಾತ್ರಿ ಓದುವ ಹುಡುಗರು ನಮ್ಮಲ್ಲಿಯೂ ಇದ್ದಾರೆ. ಅವರಿಗಾಗಿಯೇ ಈ ನಾಲ್ಕು ಮಾತು.

ವಸಂತ್ ಕುಂಜ್‌ನ ಹೋಟೆಲುಗಳಲ್ಲಿ ದುಡಿಯುವವರಿಗೆ ವಿದ್ಯೆಯ ಬಾಗಿಲು ದೂರವಿಲ್ಲ. ಮಿಡ್ಲ್ ಸ್ಕೂಲಿಗೆ ಓದು ನಿಲ್ಲಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ, ಹನ್ನೆರಡನೆಯ ತರಗತಿ ಮುಗಿಸಬಹುದು. ಅದಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲ. ಮುಂದೆ ಪದವಿಗೆ, 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವಿದೆ. ಅದರ ಕೇಂದ್ರ ಕಛೇರಿ ಸಮೀಪದ ಮೈದಾನ್ ಗಢಿಯಲ್ಲೇ ಇದೆ. ನೆರೆಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿಯೂ ಎಂಬಿಎ ತರಗತಿಯಿದೆ. ಐಐಎಂಗಳ ಕ್ಯಾಟ್ ಪರೀಕ್ಷೆಗೆ ಕೂರಲು ಪದವಿಯಲ್ಲಿ ಶೇ. 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಶೇ. 45 ಸಾಕು.

ಆದರೆ ಅಂಕವೊಂದರಿಂದಲೇ ಸೀಟು ದೊರೆಯದು. "ಈ ವಿದ್ಯೆ ನಿಮಗೇಕೆ? ಕಲಿತು ಏನು ಮಾಡುವಿರಿ?" ಎಂದು ಸಂದರ್ಶನದಲ್ಲಿ ಕೇಳುತ್ತಾರೆ. ನಮ್ಮ ಹುಡುಗರು ತಡವರಿಸುವುದು ಇಲ್ಲಿಯೇ. ಲೋಟ ತೊಳೆದದ್ದನ್ನು ಮುಚ್ಚಿಟ್ಟು, "ದೊಡ್ಡ ಕಂಪನಿಯ ಮುಖ್ಯಸ್ಥನಾಗಬೇಕು" ಎಂದು ಯಾರೋ ಬರೆದುಕೊಟ್ಟ ಮಾತನ್ನು ಗಿಣಿಯಂತೆ ಒಪ್ಪಿಸುತ್ತಾರೆ.

ನಾಚಿಕೆ ಏತಕ್ಕೆ, ತಮ್ಮಂದಿರೇ? ಬೆಳಗಿನ ಹೊತ್ತು ಎಷ್ಟು ಹಿಟ್ಟು ಖರ್ಚಾಗುತ್ತದೆ, ರಾತ್ರಿ ಎಷ್ಟು ಸಾಂಬಾರು ಚೆಲ್ಲಬೇಕಾಗುತ್ತದೆ, ಗಲ್ಲಾ ಲೆಕ್ಕ ಏಕೆ ತಾಳೆಯಾಗದು, ಮಾಣಿಗಳು ಏಕೆ ಕೆಲಸ ಬಿಟ್ಟು ಹೋಗುತ್ತಾರೆ: ಇವೇ ವ್ಯಾಪಾರಾಡಳಿತದ ಪ್ರಶ್ನೆಗಳು. ಗಿರಣಿಯಲ್ಲಾದರೆ ಹಾಳಾದ ನೂಲು, ಯಂತ್ರ ನಿಂತ ಗಂಟೆಗಳು. "ಇದನ್ನು ಕಣ್ಣಾರೆ ಕಂಡೆ, ಇಷ್ಟನ್ನು ಸರಿಪಡಿಸಿದೆ, ಇಷ್ಟು ತಿಳಿಯಲಿಲ್ಲ, ಅದನ್ನು ಕಲಿಯಲು ಬಂದಿದ್ದೇನೆ" ಎನ್ನಬಲ್ಲವನ ಅರ್ಜಿಗೆ ಬಲವಿದೆ. ಗುರಿಯೂ ಹಾಗೆಯೇ ಸ್ಪಷ್ಟವಾಗಿರಲಿ: ಎಂಥ ಸಂಸ್ಥೆ, ಯಾವ ಕೆಲಸ, ಯಾರಿಗೆ ಪ್ರಯೋಜನ.

ಇನ್ನೊಂದು ಮುಖ್ಯ ಸಂಗತಿ. ಹಲವು ಐಐಎಂಗಳು ಪದವಿಯ ನಂತರದ ಪೂರ್ಣಾವಧಿ ಕೆಲಸದ ಅನುಭವಕ್ಕೆ ಬೆಲೆ ಕೊಡುತ್ತವೆ. ಅದಕ್ಕೆ ಪುರಾವೆ ಬೇಕು. ನಮ್ಮವರ ದುಡಿಮೆ ಕಾಗದದ ಮೇಲೆ ಇರುವುದೇ ಅಪರೂಪ. ನೇಮಕಾತಿ ಪತ್ರ, ಸಂಬಳದ ಚೀಟಿ, ಭವಿಷ್ಯನಿಧಿಯ ಪಾಸ್‌ಬುಕ್ಕು ಇವನ್ನು ಇಂದಿನಿಂದಲೇ ಕೇಳಿ ಪಡೆಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರದ ನಿಯಮವಿದೆ. ಒಬ್ಬನೇ ಕೇಳಿದರೆ ಧಣಿ ಗದರಿಸಿಯಾನು. ಎಲ್ಲರೂ ಸೇರಿ ಕೇಳಿದರೆ ಕೊಡಲೇಬೇಕಾಗುತ್ತದೆ.

"ಕಲಿತವನು ನಮ್ಮನ್ನು ಬಿಟ್ಟು ಧಣಿಯ ಕಡೆ ಸೇರುತ್ತಾನೆ" ಎಂದು ಹಿರಿಯ ಕಾರ್ಮಿಕರು ಹೇಳುವುದುಂಟು. ಆ ಭಯ ಸುಳ್ಳಲ್ಲ. ಆದರೆ ಇತಿಹಾಸ ನೋಡಿ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನಲ್ಲಿ ಸಂಘ ಹುಟ್ಟಿದ್ದು 1957ರಲ್ಲಿ. ಅದೇ ವರ್ಷ ದಿಲ್ಲಿಯಲ್ಲಿಯೂ ಕಾರ್ಮಿಕರ ಕಾಫಿ ಹೌಸು ತೆರೆಯಿತು. ತಟ್ಟೆ ಹಿಡಿದ ಕೈಗಳೇ ಲೆಕ್ಕದ ಪುಸ್ತಕವನ್ನೂ ಹಿಡಿದವು. ಅಂಥ ಸಂಘಗಳಿಗೆ ಇಂದು ಲೆಕ್ಕ, ಖರೀದಿ, ಆಡಳಿತ ಬಲ್ಲ ನಮ್ಮವರೇ ಬೇಕು.

ಆದ್ದರಿಂದ ಓದಿರಿ, ಅರ್ಜಿ ಹಾಕಿರಿ. ನಿಮ್ಮ ದುಡಿಮೆಯನ್ನು ಅದರ ಮೊದಲ ಸಾಲಿನಲ್ಲೇ ಬರೆಯಿರಿ.