ಕೌದಿಯ ಸೂಜಿ ಎಲ್ಲಿ ಸಿಕ್ಕೀತು?

(ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ. ಎ.)

ಸೂಜಿಯಂಥ ಅಲ್ಪವಸ್ತುವನ್ನು ಕುರಿತು ಲೇಖನ ಬರೆಯಹೊರಟವಳನ್ನು ಕಂಡು ಸಹಪಾಠಿಗಳು ನಕ್ಕರೆ ನನಗೆ ಬೇಸರವಿಲ್ಲ. ವಾರ್ಷಿಕ ಸಂಚಿಕೆಯಲ್ಲಿ ಯುವಜನರ ಹೊಣೆ, ಸ್ತ್ರೀಶಿಕ್ಷಣ, ವಿಜ್ಞಾನ ಮತ್ತು ಮಾನವ ಮುಂತಾದ ಘನ ವಿಷಯಗಳಿಗೆ ಎಂದೂ ಕೊರತೆಯಿಲ್ಲ. ಅವನ್ನು ನನಗಿಂತ ಬಲ್ಲವರು ಬರೆದೇ ಬರೆಯುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಕುಮಟೆಯಿಂದ ಹೊನ್ನಾವರದ ಮೇಲೆ ಹಾದು ಭಟ್ಕಳದವರೆಗೆ ಸುಮಾರು 60 ಕಿಲೋಮೀಟರು ಹೆದ್ದಾರಿ; ದಾರಿಯುದ್ದಕ್ಕೂ ಬಟ್ಟೆಯಂಗಡಿಗಳು. ಆದರೂ ಕೌದಿ ಹೊಲಿಯತಕ್ಕ ಒಂದು ಒಳ್ಳೆಯ ಸೂಜಿ, ಅದಕ್ಕೆ ಒಪ್ಪುವ ಹತ್ತಿಯ ದಾರ, ಬೆರಳಿಗೊಂದು ಅಂಗುಸ್ತಾನ, ಈ ಮೂರನ್ನೂ ಒಂದೇ ಅಂಗಡಿಯಲ್ಲಿ ಕೊಡುವವರು ನನಗೆ ಸಿಕ್ಕಲಿಲ್ಲ. ಕೌದಿಯ ಕಲೆ ನಶಿಸುತ್ತಿದೆ, ಹೆಂಗಸರಿಗೆ ಆಸಕ್ತಿ ಕಡಿಮೆಯಾಗಿದೆ ಎಂದು ವೇದಿಕೆಯ ಮೇಲೆ ನಿಂತು ಹಳಹಳಿಸುವವರು ಮೊದಲು ಈ ಮಾತನ್ನು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಆಸಕ್ತಿಯೂ ಇದೆ, ಕೈಯೂ ಇದೆ. ಇಲ್ಲದಿರುವುದು ಸಾಮಾನು.

ಕೌದಿಯೆಂದರೇನೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆದರೂ ಕಾರ್ಖಾನೆಯ ರಗ್ಗಿನಲ್ಲಿಯೇ ಬೆಳೆದ ಕೆಲವರಿಗಾಗಿ ಎರಡು ಮಾತು. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಪಂಚೆ, ಲುಂಗಿ, ಮಕ್ಕಳ ಅಂಗಿಯ ತುಂಡು ಇವನ್ನು ಮೂರು ನಾಲ್ಕು ಪದರವಾಗಿ ನೆಲದ ಮೇಲೆ ಹಾಸಿ, ಸರಿಯದಂತೆ ಕಚ್ಚಾ ಹೊಲಿಗೆ ಹಾಕಿ, ಸಾಲುಸಾಲಾಗಿ ಕೈಯಿಂದ ಹೊಲಿದರೆ ಅದು ಕೌದಿ. ಕೊಂಕಣಿ ಮನೆಗಳಲ್ಲಿ ಇದಕ್ಕೆ ವಾಕಳವೆನ್ನುತ್ತಾರೆ; ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳಗಳ ಸಿದ್ದಿಯರು ಕವಂದಿಯೆನ್ನುತ್ತಾರೆ. ಬಂಗಾಳದ ಕಾಂತಾ, ಬಿಹಾರದ ಸುಜನಿ ಇವೂ ಇದೇ ಮನೆತನಕ್ಕೆ ಸೇರಿದವು. ಚೌಕಟ್ಟು ಬೇಡ, ಯಂತ್ರ ಬೇಡ, ಒಳಗೆ ತುಂಬಲು ಅರಳೆಯೂ ಬೇಡ. ಬಟ್ಟೆ ಮನೆಯದು, ದುಡಿಮೆ ಮನೆಯವರದು. ಪೇಟೆಯಿಂದ ತರಬೇಕಾದದ್ದು ಸೂಜಿ ದಾರ ಮಾತ್ರ. ಆ ‘ಮಾತ್ರ’ದಲ್ಲಿಯೇ ತೊಡಕಿರುವುದು.

ಸೂಜಿ ಎಂದರೆ ಸೂಜಿ, ಅದರಲ್ಲೇನು ಎನ್ನುವವರು ಕೌದಿಯ ಒಂದು ಸಾಲನ್ನಾದರೂ ಹೊಲಿದು ನೋಡಬೇಕು. ಕೈಸೂಜಿಗಳಲ್ಲಿ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ, ಲೆಕ್ಕವೇ ತಲೆಕೆಳಗು. ರವಿಕೆಗೆ ಗುಂಡಿ ಹಚ್ಚುವ ಸಣ್ಣ ಸೂಜಿಯನ್ನು ನಾಲ್ಕು ಪದರದಲ್ಲಿ ತೂರಿಸಿದರೆ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೆ ಹಿಂಬದಿಯಿಂದ ಬೆರಳಿಗೇ ನಾಟುತ್ತದೆ. ಹಾಗೆಂದು ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದರೆ, ಅದು ಮಾಡಿದ ತೂತು ಮುಚ್ಚುವುದೇ ಇಲ್ಲ; ಜೀರ್ಣವಾದ ಸೀರೆ ಅಲ್ಲಿಂದಲೇ ಹರಿಯತೊಡಗುತ್ತದೆ. ಕೌದಿಗೆ ಬೇಕಾದದ್ದು ಇವೆರಡರ ನಡುವಿನದು: ನಾಲ್ಕೈದು ಹೊಲಿಗೆಯನ್ನು ಒಮ್ಮೆಗೇ ಏರಿಸಿಕೊಳ್ಳುವಷ್ಟು ಉದ್ದ, ಬಾಗದಷ್ಟು ಗಟ್ಟಿ, ದಪ್ಪ ದಾರ ಹಿಡಿಯುವಂತೆ ನೀಳವಾದ ಕಣ್ಣು. ಕಣ್ಣು ಚಿಕ್ಕದಾದರೆ ದಾರ ಪ್ರತಿ ಎಳೆತಕ್ಕೂ ಉಜ್ಜಿ ಉಜ್ಜಿ ಎಳೆಬಿಡುತ್ತದೆ. ಅರುವತ್ತು ದಾಟಿದ ಅಜ್ಜಿಯ ಕಣ್ಣಿಗೆ ಸೂಜಿಯ ಕಣ್ಣು ಕಾಣದಿದ್ದರಂತೂ ಆ ದಿನದ ಕೆಲಸ ಮೊಮ್ಮಗಳು ಕಾಲೇಜಿನಿಂದ ಬರುವ ತನಕ ನಿಂತಂತೆಯೇ. ನಮ್ಮ ಮನೆಯಲ್ಲಿ ಬೆಳಿಗ್ಗೆ ಹೊರಡುವ ಮುಂಚೆ ಆರು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಬರುವುದು ನನ್ನ ನಿತ್ಯಕರ್ಮ.

ಬೇರೆ ದೇಶಗಳಲ್ಲಿ ಇದನ್ನು ತಿಳಿದವರು ಕೆಲಸಕ್ಕೊಂದು ಸೂಜಿಯನ್ನೇ ಮಾಡಿಟ್ಟಿದ್ದಾರೆ. ಇಂಗ್ಲೆಂಡು, ಅಮೇರಿಕಗಳಲ್ಲಿ ಸಣ್ಣ ಹೊಲಿಗೆಯ ಕೌದಿಗೆ ‘ಬಿಟ್ವೀನ್ಸ್’ ಎಂಬ ಗಿಡ್ಡ ಸೂಜಿಯಿದೆ. ಜಪಾನಿನ ಸಶಿಕೊ ಹೊಲಿಗೆಗೆ ಉದ್ದ ಸೂಜಿ. ಅದನ್ನು ಅಂಗೈಯ ಕಡೆಗೆ ತೊಡುವ ಬಿಲ್ಲೆಯಂಥ ಅಂಗುಸ್ತಾನದಿಂದ ದೂಡುತ್ತಾರೆ. ಹೆಸರು ಹೇಳಿದರೆ ಅಂಗಡಿಯಾತ ತೆಗೆದುಕೊಡುತ್ತಾನೆ. ನಮ್ಮ ಕೌದಿಯ ಸೂಜಿಗೆ ಪೇಟೆಯಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ವಸ್ತುವನ್ನು ಯಾರು ತಾನೇ ತರಿಸಿಟ್ಟಾರು?

ಕಳೆದ ಚಾತುರ್ಮಾಸದಲ್ಲಿ ಮೂರೂ ಪೇಟೆಗಳನ್ನು ಸುತ್ತಿದೆನು. ಕುಮಟೆಯ ಒಂದು ಹೊಲಿಗೆಸಾಮಾನಿನ ಅಂಗಡಿಯ ಸಿರಿಯನ್ನು ನೋಡಬೇಕು! ಫಾಲ್ಸು, ಲೈನಿಂಗು, ಝಿಪ್ಪು, ಲೇಸು, ಕುಚ್ಚು ಕಟ್ಟುವ ರೇಷ್ಮೆದಾರ, ಕಾಮನಬಿಲ್ಲನ್ನು ನಾಚಿಸುವಷ್ಟು ಬಣ್ಣದ ರೀಲುಗಳು. ಆದರೆ ಅಷ್ಟೂ ಪಾಲಿಯೆಸ್ಟರು. ಕೈಸೂಜಿ ಕೇಳಿದ್ದಕ್ಕೆ ಹಲವು ಅಳತೆಗಳು ಕೂಡಿದ ಒಂದು ಕಾಗದದ ಪೊಟ್ಟಣ ಬಂದಿತು. ಅದರೊಳಗೆ ಕೌದಿಗೆ ಒದಗುವವು ಎರಡು. ಉಳಿದವಕ್ಕೂ ಹಣ ಕೊಡಲೇಬೇಕು.

“ಕೌದಿ ಸೂಜಿ ಅಂತ್ಲೇ ಬೇರೆ ಇಲ್ವಾ, ಮಾಮ?” ಎಂದು ಕೇಳಿದೆನು.

“ಈಗ ಅದನ್ನ ಯಾರು ಕೇಳ್ತಾರೆ ತಂಗೀ!” ಎಂದರು.

“ನಾ ಕೇಳ್ತಾ ಇದ್ದೆ ಅಲ್ವಾ?” ಎಂದೆನು. ಅವರು ನಕ್ಕು, ಪಕ್ಕದವರಿಗೆ ಫಾಲ್ಸು ಹರಿದುಕೊಡಲು ಹೋದರು.

ಹೊನ್ನಾವರದ ಒಂದು ಅಂಗಡಿಯ ಮೂಲೆಯಲ್ಲಿ ಆಂಕರ್ ಹತ್ತಿದಾರದ ಬಿಳಿಯ ಉಂಡೆಗಳು ಕಣ್ಣಿಗೆ ಬಿದ್ದವು. ಅದು ಕ್ರೋಶಾ ಹೆಣೆಯುವ ದಾರ; ಕೌದಿಗೂ ಚೆನ್ನಾಗಿ ಒಪ್ಪುತ್ತದೆ. ಆದರೆ ಅಲ್ಲಿ ಸೂಜಿಯಿಲ್ಲ. ಭಟ್ಕಳದ ಪೇಟೆಯಲ್ಲಿ ಕೊಲ್ಲಿ ದೇಶಗಳಿಂದ ಬಂದ ಅತ್ತರು, ಸಾಬೂನು, ಕಂಬಳಿ ಏನುಂಟು ಏನಿಲ್ಲ! ಅಲ್ಲಿ ನಾನು ಅಂಗುಸ್ತಾನವನ್ನು ಕಂಡದ್ದು ಒಬ್ಬ ವೃದ್ಧ ದರ್ಜಿಯ ನಡುಬೆರಳಲ್ಲಿ. ತುದಿ ತೆರೆದ ಹಿತ್ತಾಳೆಯದು, ಗುಳಿಗಳೆಲ್ಲ ಸವೆದು ನುಣ್ಣಗಾಗಿತ್ತು. ಕೆಲಸ ಕಲಿಸಿದ ಉಸ್ತಾದರು ಕೊಟ್ಟದ್ದಂತೆ. ಎಲ್ಲಿ ಸಿಕ್ಕುತ್ತದೆ ಚಾಚಾ ಎಂದರೆ, “ಹುಬ್ಬಳ್ಳಿಗೆ ಹೋದ್ರೆ ನೋಡಬೇಕಮ್ಮ” ಎಂದರು. ಮೂರು ರೂಪಾಯಿಯ ಸಾಮಾನಿಗೆ ಹುಬ್ಬಳ್ಳಿಯ ಬಸ್ಸಿನ ಟಿಕೇಟು!

ಇಲ್ಲಿ ಇತಿಹಾಸದ ವಿದ್ಯಾರ್ಥಿನಿಯಾಗಿ ಒಂದು ಮಾತನ್ನು ನೆನೆಯದಿರಲಾರೆ. ಹತ್ತಿಗೂ ಕುಮಟೆಗೂ ಇದ್ದ ನಂಟು ಸಾಮಾನ್ಯವಾದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ದೇಸಿ ಹತ್ತಿ ಘಟ್ಟವಿಳಿದು ಕುಮಟೆಗೆ ಬಂದು, ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಹತ್ತಿಯನ್ನು ಬೆಳೆದದ್ದು ಬಯಲುಸೀಮೆಯ ಕರಿಮಣ್ಣು. ಆದರೆ ಮುಂಬಯಿಯ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ನಿಂತಿತು. 1861ರಿಂದ 1865ರ ವರೆಗೆ ಅಮೇರಿಕದ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಸರಿಯಾಗಿ ಬಾರದಿದ್ದಾಗ ಈ ಹತ್ತಿಗೆ ಬಂದ ಬೆಲೆ ಅಷ್ಟಿಷ್ಟಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿಯೂ ಹತ್ತಿವ್ಯಾಪಾರಿಗಳ ಹಿತದ ಪಾಲಿತ್ತು. ಮುಂದೆ ರೈಲು ಬಂದು ಹತ್ತಿಯನ್ನು ಬೇರೆ ಬಂದರಿಗೆ ಒಯ್ದಿತು. ಒಂದು ಕಾಲಕ್ಕೆ ಲಂಕಾಶೈರಿನ ಗಿರಣಿಗಳವರೆಗೆ ಹತ್ತಿಯನ್ನು ಸಾಗಿಸಿದ ಊರಿನಲ್ಲಿ ಇಂದು ನನಗೆ ಒಂದು ರೀಲು ಹತ್ತಿದಾರ ಸಿಕ್ಕಲಿಲ್ಲ.

ಪಾಲಿಯೆಸ್ಟರು ದಾರವಾದರೆ ಏನಾಯಿತು, ಅದು ಇನ್ನೂ ಗಟ್ಟಿಯಲ್ಲವೆ ಎಂದು ಕೇಳುವವರಿದ್ದಾರೆ. ಗಟ್ಟಿಯೆಂಬುದೇ ಅದರ ದೋಷ. ಹೊಲಿಗೆ ಬಲ್ಲವರ ಮಾತೊಂದುಂಟು: ದಾರವು ಬಟ್ಟೆಗಿಂತ ಬಲವಾಗಿರಬಾರದು. ಎಳೆತ ಬಿದ್ದಾಗ ಹತ್ತಿಯ ದಾರ ತಾನು ಹರಿದು ಬಟ್ಟೆಯನ್ನು ಉಳಿಸುತ್ತದೆ. ಒಂದು ಸಾಲು ಮರಳಿ ಹೊಲಿದರೆ ಮುಗಿಯಿತು. ಪಾಲಿಯೆಸ್ಟರು ತಾನು ಉಳಿದು, ಮೆತ್ತನೆಯ ಹಳೆಯ ಸೀರೆಯನ್ನು ಗರಗಸದಂತೆ ಕೊಯ್ಯುತ್ತದೆ. ಅದಕ್ಕೆ ಮರಳಿ ಹೊಲಿಗೆಯಿಲ್ಲ. ಜಾರುವ ದಾರವಾದ್ದರಿಂದ ಗಂಟೂ ನಿಲ್ಲುವುದಿಲ್ಲ. ಹತ್ತಿದಾರವನ್ನು ಜೇನುಮೇಣದ ಮೇಲೆ ಒಂದೆರಡು ಸಲ ಎಳೆದುಕೊಂಡರೆ ಸಿಕ್ಕುಬೀಳದೆ ಸರಾಗವಾಗಿ ಹರಿಯುತ್ತದೆ. ಘಟ್ಟದ ಬುಡದ ಹಳ್ಳಿಗಳಲ್ಲಿ ತುಡುವೆ ಜೇನು ಸಾಕುವವರಿರುವುದರಿಂದ ಮೇಣಕ್ಕೆ ಮಾತ್ರ ನಮಗೆ ಬಡತನವಿಲ್ಲ.

ಅಂಗಡಿಯವರನ್ನೇ ದೂರುವುದು ನ್ಯಾಯವಾಗದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಸಾಲದುದಕ್ಕೆ ಉಪ್ಪುಗಾಳಿ. ಕಾಗದದ ಪೊಟ್ಟಣದಲ್ಲಿಟ್ಟ ಸೂಜಿ ಆಷಾಢ ಕಳೆಯುವುದರೊಳಗೆ ತುಕ್ಕು ಹಿಡಿದು ಕಂದಾಗುತ್ತದೆ. ತುಕ್ಕುಸೂಜಿ ಬಟ್ಟೆಯಲ್ಲಿ ಸರಿಯುವುದಿಲ್ಲ, ಸರಿದರೆ ಕಲೆ ಬಿಡುತ್ತದೆ. ಮಾರಾಟವಾಗದೆ ತುಕ್ಕುಹಿಡಿದದ್ದನ್ನು ಒಮ್ಮೆ ಎಸೆದ ವ್ಯಾಪಾರಿ ಎರಡನೆಯ ಸಲ ತರಿಸಲಾರ. ಅಜ್ಜಿಯಂದಿರು ಹೊಲಿಯುತ್ತ ಹೊಲಿಯುತ್ತ ಸೂಜಿಯನ್ನು ಎಣ್ಣೆಗೂದಲಿಗೆ ಸವರುವುದು, ಕೆಲಸ ಮುಗಿದ ಮೇಲೆ ಕಂಬಳಿಯ ತುಂಡಿಗೆ ಚುಚ್ಚಿಡುವುದು ಬರಿಯ ಅಭ್ಯಾಸಬಲವಲ್ಲ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಅಂಗಡಿಯ ಸೂಜಿಯೂ ಮಳೆಗಾಲವನ್ನು ದಾಟೀತು. ಇದನ್ನು ಅಂಗಡಿಯವರಿಗೆ ಹೇಳಿದವರು ಯಾರೂ ಇಲ್ಲ.

ಇದರಲ್ಲಿ ದುರ್ದೈವವೆಂದರೆ, ಸೂಜಿ ಸಿಕ್ಕದ ಕಾಲವೇ ಸೂಜಿ ಬೇಕಾದ ಕಾಲವಾಗಿರುವುದು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಮ್ಮ ಕೇರಿಯಲ್ಲಿ ಆ ಎರಡು ತಿಂಗಳು ಮೀನು ಹೊರುವ, ಒಣಗಿಸುವ ಹೆಂಗಸರಿಗೆ ಕೂಲಿಯಿಲ್ಲ. ನೆರೆಮನೆಯ ಚಿಕ್ಕಮ್ಮ ಆ ದಿನಗಳಲ್ಲಿ ಕೌದಿ ಹೊಲಿದುಕೊಟ್ಟು ಮನೆ ನಡೆಸುತ್ತಾರೆ. ಬಾಣಂತಿಯಿರುವ ಮನೆಯವರು ಹಳೆಯ ಸೀರೆಗಳನ್ನು ತಂದುಕೊಡುತ್ತಾರೆ. ತೊಟ್ಟಿಲಿಗೆ ಹಾಸಲು ಅದಕ್ಕಿಂತ ಮೃದುವಾದದ್ದು ಯಾವ ಅಂಗಡಿಯಲ್ಲಿದೆ? ಹಿಂದಿನ ಮಳೆಗಾಲದಲ್ಲಿ ಅವರಿಗೆ ಸಿಕ್ಕಿದ ಅವಲಕ್ಷಣದ ಸೂಜಿಗಳು ಒಂದಾದ ಮೇಲೊಂದು ಮುರಿದವು. ಒಪ್ಪಿಕೊಂಡಿದ್ದ ನಾಲ್ಕು ಕೌದಿಗಳಲ್ಲಿ ಎರಡನ್ನು ಹಾಗೆಯೇ ಮರಳಿಸಿ, ಮುಂಗಡವನ್ನೂ ತಿರುಗಿ ಕೊಟ್ಟರು. ಇದನ್ನು ಕಲೆಯ ಅವನತಿಯೆನ್ನೋಣವೆ?

ಕೈಫೋನಿನಲ್ಲಿ ತರಿಸಬಹುದಲ್ಲ ಎಂದು ತಮ್ಮನಂಥವರು ಹೇಳುತ್ತಾರೆ. ತರಿಸಿಯೂ ನೋಡಿದ್ದಾಯಿತು. ಚಿತ್ರದಲ್ಲಿ ಗೇಣುದ್ದ ಕಂಡ ಸೂಜಿ ಮನೆಗೆ ಬಂದಾಗ ಕಿರುಬೆರಳಿನಷ್ಟಾಗಿತ್ತು. ಸೂಜಿಯನ್ನು ಬೆರಳಿನಿಂದ ಬಾಗಿಸಿ, ಕಣ್ಣಿಗೆ ದಾರ ಹಾಕಿ, ಒಂದು ಚಿಂದಿಯ ಮೇಲೆ ಎರಡು ಹೊಲಿಗೆ ಹಾಕಿ ಕೊಳ್ಳಬೇಕು. ಚಿಕ್ಕಮ್ಮನಿಗಾದರೋ ಅಂಥ ಫೋನೂ ಇಲ್ಲ, ಇಂಗ್ಲಿಷಿನಲ್ಲಿ ಸೂಜಿಯ ಕುಲಗೋತ್ರ ಟೈಪು ಮಾಡುವ ವಿದ್ಯೆಯೂ ಇಲ್ಲ. ಪಾಣಿಪತ್ತಿನ ಬ್ಲ್ಯಾಂಕೆಟ್ಟು ಅಗ್ಗಕ್ಕೆ ಸಿಕ್ಕುವಾಗ ಕೌದಿ ಏಕೆ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಸೆಕೆಗೇ ಬಿಟ್ಟದ್ದು. ಹೊದ್ದು ನೋಡಿದವರಿಗೆ ಗೊತ್ತು.

ಆಸರೆ ಸಿಕ್ಕಿದಲ್ಲಿ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಸಿದ್ದಿ ಹೆಂಗಸರು ಕವಂದಿಯನ್ನು ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ. ಮೂಲೆಗಳಿಗೆ ‘ಫುಲ’ ಎಂಬ ಮಡಿಕೆಯ ತ್ರಿಕೋನಗಳನ್ನಿಡುತ್ತಾರೆ. 2004ರಲ್ಲಿ ಅಮೇರಿಕದ ವಿದ್ವಾಂಸರಾದ ಹೆನ್ರಿ ಡ್ರೂವಲ್ ಮತ್ತು ಸಾರಾ ಖಾನ್ ಇವರ ನೆರವಿನಿಂದ ಅವರದೊಂದು ಸಹಕಾರಿ ಕೂಟ ಹುಟ್ಟಿತು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ಅಮೇರಿಕದ ಅಲಬಾಮಾದಲ್ಲಿ ಬಡ ಕಪ್ಪುಜನಾಂಗದ ಹೆಂಗಸರು 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಂಘವನ್ನು ಕಟ್ಟಿಕೊಂಡರು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರಸಂಸ್ಥೆ ದಿಂಬಿನ ಹೊದಿಕೆಗಾಗಿ ಅವರಿಗೆ ಕಾರ್ಡುರಾಯ್ ಬಟ್ಟೆಯ ಕೆಲಸ ಕೊಟ್ಟಿತು. ಉಳಿದ ತುಂಡುಗಳು ಮನೆಮನೆಯ ಕೌದಿಗಳಲ್ಲಿ ಸೇರಿ ಹೊಸದೊಂದು ಸೊಗಸನ್ನೇ ಹುಟ್ಟಿಸಿದವು. ಕೈಗೆ ಸಾಮಾನು ಬಂದರೆ ಕಲೆ ತಾನಾಗಿ ದಾರಿ ಹುಡುಕುತ್ತದೆ. ನಮ್ಮಲ್ಲಿ ಪ್ರದರ್ಶನಕ್ಕೆ ಮಂಟಪ ಹಾಕಿಸಲು ಜನರಿದ್ದಾರೆ. ಸೂಜಿ ತರಿಸಲು ಇಲ್ಲ.

ನಾನು ಬೇಡುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ಈ ಮೂರು ತಾಲ್ಲೂಕುಗಳ ಊರೂರಿನಲ್ಲಿವೆ. ಸಾಲದ ಲೆಕ್ಕದ ಜೊತೆಗೆ ಒಂದು ಸೂಜಿಯ ಡಬ್ಬಿಯನ್ನೂ ಅವು ಇಟ್ಟುಕೊಳ್ಳಬಾರದೇಕೆ? ಹತ್ತು ಸಂಘಗಳು ಕೂಡಿ ಮೇ ತಿಂಗಳಲ್ಲಿ ಒಮ್ಮೆ ಸಗಟಾಗಿ ತರಿಸಿದರೆ ಯಾರಿಗೂ ಭಾರವಾಗದು. ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದಾಗ ರಸ್ತೆ ಗುಡಿಸುವುದರ ಜೊತೆಗೆ, ಯಾವ ಮನೆಯಲ್ಲಿ ಯಾರು ಕೌದಿ ಹೊಲಿಯುತ್ತಾರೆ, ಅವರಿಗೆ ಯಾವ ಅಳತೆಯ ಸೂಜಿ ಬೇಕು ಎಂದು ಬರೆದುಕೊಂಡು ಬಂದರೂ ಸಾಕು. ಎಷ್ಟು ಜನ ಕೊಳ್ಳುತ್ತಾರೆಂಬ ಲೆಕ್ಕ ಎದುರಿಗಿದ್ದರೆ ಯಾವ ವ್ಯಾಪಾರಿಯೂ ಬೇಡವೆನ್ನಲಾರ.

ಬಸ್‌ಸ್ಟ್ಯಾಂಡಿನ ಹತ್ತಿರದ ಒಬ್ಬ ಅಂಗಡಿಯವರು ಒಂದು ಮಳೆಗಾಲದ ಮಟ್ಟಿಗೆ ತರಿಸಿ ನೋಡುವುದಾಗಿ ಒಪ್ಪಿದ್ದಾರೆ. ನೀಳಕಣ್ಣಿನ ಉದ್ದ ಸೂಜಿ, ಬಿಳಿ ಹಾಗೂ ಕೆಂಪು ಹತ್ತಿದಾರ, ತುದಿ ತೆರೆದ ಮತ್ತು ಮುಚ್ಚಿದ ಎರಡೂ ಬಗೆಯ ಅಂಗುಸ್ತಾನ, ಮೇಣದ ಬಿಲ್ಲೆ ಎಂದು ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಆದರೆ ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ತೋರಿಸಲು ಅವರಿಗೊಂದು ಮಾದರಿ ಸೂಜಿ ಬೇಕಂತೆ. ಓದುಗರಲ್ಲಿ ಯಾರ ಮನೆಯಲ್ಲಿಯಾದರೂ ಅಜ್ಜಿಯ ಕಾಲದ ಕೌದಿಸೂಜಿ ಮುರಿಯದೆ ಉಳಿದಿದ್ದರೆ, ಮೇ ತಿಂಗಳ ಮೊದಲು ಗ್ರಂಥಾಲಯದ ಮೇಜಿನ ಬಳಿ ತಂದು ತೋರಿಸಬೇಕಾಗಿ ವಿನಂತಿ. ಅಳತೆ ತೆಗೆದುಕೊಂಡು ಆ ದಿನವೇ ಮರಳಿಸುವೆನು.